ಗಾಜು ಬಣ್ಣ ಕುಡಿಯುವುದಿಲ್ಲ

ನಾನು ಬಣ್ಣ ಬಳಿದ ಮೊದಲ ಗಾಜಿನ ಜಾಡಿ ಸರಿಯಾಗಿ ಒಂಬತ್ತು ದಿನ ಬಾಳಿತು. ಹತ್ತನೆಯ ದಿನ ಅದರ ಮೇಲೆ ಕುಳಿತಿದ್ದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋದಾಗ ಭುಜದ ಬಳಿ ಬಣ್ಣ ಚಿಕ್ಕದೊಂದು ಗುಳ್ಳೆಯಂತೆ ಎದ್ದಿತು. ಅದನ್ನು ಉಗುರಿನಿಂದ ಒತ್ತಿ ಕೂರಿಸಲು ನೋಡಿದೆ, ಗುಳ್ಳೆ ಒಡೆಯಿತು, ಒಡೆದ ಅಂಚನ್ನು ಹಿಡಿದು ತುಸುವೇ ಎಳೆದರೆ ಅಂಗೈಯಗಲದ ಬಣ್ಣ ಹಾವಿನ ಪೊರೆಯಂತೆ ಸಲೀಸಾಗಿ ಕಳಚಿ ಕೈಗೆ ಬಂದಿತು. ಆ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಅದರ ಒಳಮೈಯಲ್ಲಿ, ಗುಳ್ಳೆ ಎದ್ದ ಜಾಗದಲ್ಲೇ, ನನ್ನ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಕಾಣುತ್ತಿದ್ದವು. ಬಣ್ಣ ಬಳಿಯುವ ಮೊದಲು ಜಾಡಿಯನ್ನು ಎಲ್ಲಿ ಹಿಡಿದುಕೊಂಡಿದ್ದೆನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಖಾಲಿಯಾದ ಜಾಡಿಗಳಿಗೆ ಬಣ್ಣ ಬಳಿದು ಮನೆಯನ್ನು ಅಲಂಕರಿಸುವುದು ಬಹಳ ಅಗ್ಗದ, ಬಹಳ ಸುಲಭದ ಕೆಲಸವೆಂದು ಎಲ್ಲರೂ ಹೇಳುತ್ತಾರೆ. ಅಗ್ಗದ್ದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಕೆಲಸದಲ್ಲಿ ಬಣ್ಣ ಬಳಿಯುವುದು ಸಣ್ಣ ಪಾಲು. ತೊಳೆಯುವುದು ಮತ್ತು ಕಾಯುವುದು ದೊಡ್ಡ ಪಾಲು. ದುಡ್ಡಿನಲ್ಲಿ ಉಳಿಸಿದ್ದನ್ನು ತಾಳ್ಮೆಯಲ್ಲಿ ಕೊಡಬೇಕಾಗುತ್ತದೆ, ಕೊಡದಿದ್ದವರ ಕೈಗೆ ಹತ್ತನೆಯ ದಿನ ಪೊರೆ ಬರುತ್ತದೆ.

ಕಾರಣ ಗಾಜಿನ ಸ್ವಭಾವದಲ್ಲೇ ಇದೆ. ಗೋಡೆ, ಮರ, ಕಾಗದ, ಬಟ್ಟೆ ಇವೆಲ್ಲವೂ ಬಣ್ಣವನ್ನು ಸ್ವಲ್ಪವಾದರೂ ಕುಡಿಯುತ್ತವೆ. ಅವುಗಳ ಮೈಯಲ್ಲಿರುವ ಸಣ್ಣ ರಂಧ್ರಗಳೊಳಗೆ ಬಣ್ಣ ಇಳಿದು ಬೇರು ಬಿಟ್ಟ ಹಾಗೆ ಕುಳಿತುಕೊಳ್ಳುತ್ತದೆ. ಜಾಡಿಗಳ ಗಾಜಿನಲ್ಲಿ ಸುಮಾರು ಶೇಕಡ 70ರಷ್ಟು ಮರಳಿನ ಸಾರವಾದ ಸಿಲಿಕಾ ಇರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಸೋಡಾ ಮತ್ತು ಸುಣ್ಣ. ಇವು ಕರಗಿ ಒಂದಾಗಿ ಆರಿದಾಗ ಉಳಿಯುವ ಮೈಯಲ್ಲಿ ಬಣ್ಣ ಹೋಗಿ ಹಿಡಿದುಕೊಳ್ಳಲು ಒಂದು ಬಿರುಕೂ ಇರುವುದಿಲ್ಲ. ಇನ್ನು ನಾವು ಸಾಮಾನ್ಯವಾಗಿ ಬಳಸುವ ಅಕ್ರಿಲಿಕ್ ಬಣ್ಣವಾದರೋ ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳ ಮಿಶ್ರಣ. ನೀರು ಆರಿದಂತೆ ಆ ಕಣಗಳು ಒಂದಕ್ಕೊಂದು ಒತ್ತರಿಸಿ ಬೆಸೆದುಕೊಂಡು ತೆಳುವಾದ ಹಾಳೆಯೊಂದು ಉಂಟಾಗುತ್ತದೆ. ಅಂದರೆ ಅಕ್ರಿಲಿಕ್ ಬಳಿದ ಜಾಡಿಯೆಂದರೆ ಗಾಜಿಗೆ ತೊಡಿಸಿದ ಪ್ಲಾಸ್ಟಿಕ್ ಅಂಗಿ. ಅಂಗಿಗೂ ಗಾಜಿಗೂ ನಡುವೆ ಬೆರಳಿನ ಜಿಡ್ಡಿನಷ್ಟು ತೆಳುವಾದ ಪದರ ಉಳಿದರೂ ಸಾಕು, ಅಂಗಿ ಜಾರುತ್ತದೆ.

ಜಾಡಿಯ ಆಯ್ಕೆಯಲ್ಲಿ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಜಾಮ್ ತುಂಬಿ ಬಂದದ್ದು, ಕಾಫಿಪುಡಿ ತುಂಬಿ ಬಂದದ್ದು, ಔಷಧದ್ದು, ಎಲ್ಲವೂ ನಡೆಯುತ್ತದೆ. ಬಾಯಿ ಅಗಲವಿದ್ದರೆ ಒಳಗೆ ಕೈ ಹಾಕಿ ಹಿಡಿಯಬಹುದು, ಒಳಗಿನ ಮೂಲೆಗಳನ್ನು ಒರೆಸಬಹುದು ಎಂಬ ಅನುಕೂಲವಿದೆ. ಬಾಯಿಯ ಅಂಚಿನಲ್ಲಿ ಸಣ್ಣ ಚೂರು ಹಾರಿದ್ದರೂ ಆ ಜಾಡಿಯನ್ನು ಬಿಟ್ಟುಬಿಡಬೇಕು, ಏಕೆಂದರೆ ಬಣ್ಣ ಬಳಿದ ಮೇಲೆ ಆ ಚೂಪು ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ತಿಳಿಯುತ್ತದೆ. ಇನ್ನೊಂದನ್ನು ಗಮನಿಸಿ: ಅಚ್ಚಿನಲ್ಲಿ ಊದಿ ಮಾಡಿದ ಜಾಡಿಯ ಎರಡು ಪಕ್ಕಗಳಲ್ಲಿ, ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ, ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಂಥ ಉಬ್ಬುಗೆರೆ ಓಡಿರುತ್ತದೆ. ಬಹಳ ದಿನ ನಾನು ಅದನ್ನು ದೋಷವೆಂದೇ ಎಣಿಸಿದ್ದೆ. ಈಗ ಅದೇ ನನ್ನ ಅಳತೆಗೋಲು. ಎರಡು ಗೆರೆಗಳ ನಡುವಿನ ಭಾಗವೇ ಜಾಡಿಯ ಮುಖ, ಅದರ ಸರಿಮಧ್ಯದಲ್ಲಿ ಚಿತ್ರ ಕೂರಿಸಿದರೆ ಗೆರೆಗಳು ತಾವಾಗಿ ಪಕ್ಕಕ್ಕೆ ಮರೆಯಾಗುತ್ತವೆ.

ತೊಳೆಯುವ ವಿಚಾರದಲ್ಲಿ ಮಾತ್ರ ನಾನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಜಾಡಿಯ ಮೇಲಿನ ಲೇಬಲ್ಲನ್ನು ಒಣಗಿದ್ದಾಗ ಕೆರೆಯಬಾರದು. ಕೆರೆದರೆ ಕಾಗದ ಹೋಗಿ ಅಂಟು ಉಳಿಯುತ್ತದೆ, ಅದರ ಮೇಲೆ ಧೂಳು ಕೂತು ಕಪ್ಪಾಗುತ್ತದೆ. ಬಕೆಟ್ಟಿನಲ್ಲಿ ಕೈ ತಾಳುವಷ್ಟು ಬಿಸಿಯಾದ ನೀರು ಹಾಕಿ, ಒಂದೆರಡು ಚಮಚ ಅಡುಗೆ ಸೋಡಾ ಕದಡಿ, ಜಾಡಿಯನ್ನು ಪೂರ್ತಿ ಮುಳುಗಿಸಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಎಷ್ಟೋ ಲೇಬಲ್ಲುಗಳು ತಾವಾಗಿಯೇ ಬಿಟ್ಟುಕೊಂಡು ನೀರಿನಲ್ಲಿ ತೇಲುತ್ತಿರುತ್ತವೆ. ಬಿಡದೆ ಉಳಿಯುವ ಅಂಟು ನೀರಿಗೆ ಜಗ್ಗದ ಜಾತಿಯದು. ಅದಕ್ಕೆ ಎಣ್ಣೆಯೇ ಮದ್ದು. ಅಡುಗೆ ಎಣ್ಣೆ ಮತ್ತು ಅಡುಗೆ ಸೋಡಾವನ್ನು ಸಮಸಮವಾಗಿ ಕಲಸಿ ಅಂಟಿನ ಮೇಲೆ ದಪ್ಪವಾಗಿ ಮೆತ್ತಿ, ಅರ್ಧ ಗಂಟೆ ಬಿಟ್ಟು, ಹಳೆಯ ಬಟ್ಟೆಯಿಂದ ಉಜ್ಜಿದರೆ ಎಣ್ಣೆ ಅಂಟನ್ನು ಸಡಿಲಿಸುತ್ತದೆ, ಸೋಡಾದ ಪುಡಿ ಅದನ್ನು ಉರುಳಿಸಿ ತೆಗೆಯುತ್ತದೆ.

ಇಲ್ಲಿಯೇ ಅನೇಕರು ಎಡವುವುದು. ಅಂಟು ಹೋಯಿತಲ್ಲ ಎಂದು ಖುಷಿಯಿಂದ ಬಣ್ಣದ ಡಬ್ಬಿ ತೆರೆಯುತ್ತಾರೆ, ಆದರೆ ಅಂಟು ಹೋದ ಜಾಗದಲ್ಲಿ ಈಗ ಎಣ್ಣೆ ಕುಳಿತಿದೆ. ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಆಮೇಲೆ ಒಂದು ಪರೀಕ್ಷೆ ಮಾಡಬೇಕು. ಜಾಡಿಯನ್ನು ನಲ್ಲಿಯ ಕೆಳಗೆ ಹಿಡಿದು ಹೊರಮೈಯ ಮೇಲೆ ನೀರು ಹರಿಸಿ ನೋಡಿ. ಗಾಜು ನಿಜವಾಗಿಯೂ ಶುದ್ಧವಾಗಿದ್ದರೆ ನೀರು ಒಂದೇ ತೆಳು ಪರದೆಯಂತೆ ಎಲ್ಲ ಕಡೆಯೂ ಹರಡಿಕೊಂಡು ಇಳಿಯುತ್ತದೆ. ಜಿಡ್ಡು ಉಳಿದಿದ್ದರೆ ಆ ಜಾಗದಲ್ಲಿ ಪರದೆ ಹರಿದು ನೀರು ಹನಿಹನಿಯಾಗಿ ಒಡೆದು ನಿಲ್ಲುತ್ತದೆ. ಕಣ್ಣಿಗೆ ಫಳಫಳ ಹೊಳೆಯುತ್ತಿದ್ದ ಜಾಡಿಗಳು ಈ ಪರೀಕ್ಷೆಯಲ್ಲಿ ಸೋತದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗೆದ್ದ ಜಾಡಿಯನ್ನು ಬೋರಲು ಹಾಕಿ ಒಣಗಿಸಿ, ಬಣ್ಣ ಬಳಿಯುವ ಹೊತ್ತಿಗೆ ಸರಿಯಾಗಿ ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿದರೆ ಆಯಿತು. ಅದರ ನಂತರ ಹೊರಮೈಯನ್ನು ಬರಿಗೈಯಿಂದ ಮುಟ್ಟುವಂತಿಲ್ಲ. ಎಡಗೈಯ ಬೆರಳುಗಳನ್ನು ಜಾಡಿಯ ಒಳಗೆ ತೂರಿಸಿ ಅಗಲಿಸಿ ಹಿಡಿಯುವುದು ನನ್ನ ರೂಢಿ. ಬಾಯಿ ಕಿರಿದಾಗಿದ್ದರೆ ಮರದ ಸೌಟಿನ ಹಿಡಿಯನ್ನು ಒಳಗೆ ತೂರಿಸಿ ಅದರ ಮೇಲೆ ಜಾಡಿಯನ್ನು ನಿಲ್ಲಿಸಿಕೊಳ್ಳುತ್ತೇನೆ.

ಇಷ್ಟಾದ ಮೇಲೂ ಬಣ್ಣಕ್ಕೆ ಹಿಡಿತ ಸಾಲದು ಎನಿಸಿದರೆ ಗಾಜಿನ ಮೈಯನ್ನು ತುಸು ಒರಟು ಮಾಡಬಹುದು. ಅದಕ್ಕೆ 220ನೆಯ ನಂಬರಿನ ಅಥವಾ ಅದಕ್ಕಿಂತ ನುಣುಪಾದ, ನೀರಿನಲ್ಲಿ ಬಳಸುವ ಉಪ್ಪುಕಾಗದ ಸಾಕು. ಜಾಡಿಯನ್ನೂ ಕಾಗದವನ್ನೂ ಒದ್ದೆಯಾಗಿಟ್ಟುಕೊಂಡೇ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಏಳುವ ಗಾಜಿನ ಪುಡಿ ಉಸಿರಿನೊಂದಿಗೆ ಒಳಗೆ ಹೋಗಬಾರದಂಥದ್ದು. ಗಾಜನ್ನು ತಿಂದು ಮಂಜು ಮಾಡುವ ಕ್ರೀಮುಗಳೂ ಸಿಗುತ್ತವೆ, ಆದರೆ ಅವುಗಳಲ್ಲಿ ಇರುವ ಫ್ಲೋರೈಡ್ ಲವಣಗಳು ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ, ಹೂದಾನಿಯೊಂದರ ಚಂದಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಣ್ಣಗಳ ವಿಷಯಕ್ಕೆ ಬಂದರೆ, ಅಗ್ಗದ ಕೆಲಸ ದುಬಾರಿಯಾಗುವುದು ಈ ಹಂತದಲ್ಲಿ. ಬಣ್ಣಗಳ ಸಾಲು ಕಂಡಾಗ ಮನಸ್ಸು ಹಿಡಿತಕ್ಕೆ ಸಿಗುವುದಿಲ್ಲ. ಬಿಸಾಡಬೇಕಿದ್ದ ಜಾಡಿಯೊಂದಕ್ಕಾಗಿ ಹನ್ನೆರಡು ಬಣ್ಣ, ಐದು ಬ್ರಶ್ಶು, ಮೂರು ಬಗೆಯ ವಾರ್ನಿಶ್ ತಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಕೆಂಪು, ಹಳದಿ, ನೀಲಿ, ಬಿಳಿ, ಕಪ್ಪು, ಈ ಐದು ಇದ್ದರೆ ಉಳಿದದ್ದನ್ನು ತಟ್ಟೆಯಲ್ಲಿ ಕಲಸಿಕೊಳ್ಳಬಹುದು, ಅದರಲ್ಲಿಯೂ ಬಿಳಿಯ ಡಬ್ಬಿ ಮಾತ್ರ ದೊಡ್ಡದಿರಲಿ. ಬಿಳಿಯಲ್ಲಿರುವ ಟೈಟೇನಿಯಂ ಡೈ ಆಕ್ಸೈಡ್ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಹಳದಿ ಮತ್ತು ಕೆಲವು ಕೆಂಪುಗಳು ಪಾರಕವಾದ ಬಣ್ಣಗಳಾದ್ದರಿಂದ ನೇರವಾಗಿ ಗಾಜಿನ ಮೇಲೆ ಬಳಿದರೆ ನಾಲ್ಕು ಕೈ, ಅಂದರೆ ನಾಲ್ಕು ಪದರ, ಬಳಿದರೂ ಮೈ ಮುಚ್ಚುವುದಿಲ್ಲ, ಕೆಳಗೆ ಒಂದು ಕೈ ಬಿಳಿ ಇದ್ದರೆ ಎರಡರಲ್ಲಿ ಮುಗಿಯುತ್ತದೆ. ಕಣ್ಣಿಗೆ ಕುಕ್ಕುವ ಬಣ್ಣವನ್ನು ತಣಿಸಲು ಕಪ್ಪು ಬೆರೆಸುವುದಕ್ಕಿಂತ ಅದರ ಎದುರಾಳಿಯನ್ನು ಬೆರೆಸುವುದು ಒಳ್ಳೆಯದು: ಹಸಿರಿಗೆ ಚೂರು ಕೆಂಪು, ನೀಲಿಗೆ ಚೂರು ಕಿತ್ತಳೆ. ಹಸಿಯಾಗಿದ್ದಾಗ ಅಕ್ರಿಲಿಕ್ ತುಸು ಹಾಲು ಬೆರೆತಂತೆ ಕಂಡು, ಆರಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಆದ್ದರಿಂದ ಕಲಸಿದ ಬಣ್ಣವನ್ನು ಗಾಜಿನ ಚೂರಿನ ಮೇಲೋ ಬೇರೊಂದು ಜಾಡಿಯ ತಳದ ಮೇಲೋ ಬಳಿದು, ಆರಲು ಬಿಟ್ಟು, ಆಮೇಲೆ ತೀರ್ಮಾನಿಸಬೇಕು. ಗೋಡೆಗೆ ಬಳಿದು ಉಳಿದ ಎನಾಮೆಲ್ ಪೇಂಟ್ ಮನೆಯಲ್ಲಿದ್ದರೆ ಅದು ಗಾಜನ್ನು ಅಕ್ರಿಲಿಕ್ಕಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ವಾಸನೆ ಮತ್ತು ಥಿನ್ನರಿನ ರಗಳೆಯನ್ನು ಸಹಿಸಿಕೊಳ್ಳಬೇಕು, ಕಿಟಕಿ ತೆರೆದಿರಬೇಕು, ಒಂದು ಕೈ ಆರಲು ಒಂದು ದಿನ ಕೊಡಬೇಕು.

ಮೊದಲ ಕೈ ಬಳಿದಾಗ ಜಾಡಿ ಕೆಟ್ಟದಾಗಿ ಕಾಣುತ್ತದೆ. ಇದನ್ನು ಮುಂಚೆಯೇ ಯಾರಾದರೂ ನನಗೆ ಹೇಳಿದ್ದರೆ ಎಷ್ಟೋ ಜಾಡಿಗಳು ಉಳಿಯುತ್ತಿದ್ದವು. ಬ್ರಶ್ಶಿನ ಗೆರೆಗಳು ಕಾಣುತ್ತವೆ, ಗಾಜು ಅಲ್ಲಲ್ಲಿ ಇಣುಕುತ್ತದೆ, ಒಂದು ಕಡೆ ದಪ್ಪ ಒಂದು ಕಡೆ ತೆಳು. ಆಗ ಸರಿಪಡಿಸಲು ಮತ್ತೆ ಬ್ರಶ್ಶು ಆಡಿಸಿದರೆ ಅರೆಬರೆ ಆರಿದ ಬಣ್ಣ ಬ್ರಶ್ಶಿಗೆ ಅಂಟಿ ಎದ್ದುಬಂದು, ಕೆಳಗಿನ ಗಾಜು ಬೋಳಾಗುತ್ತದೆ. ಬೋಳಾದದ್ದನ್ನು ಮುಚ್ಚಲು ಇನ್ನಷ್ಟು ಬಣ್ಣ, ಅದು ಎಬ್ಬಿಸುವ ಇನ್ನಷ್ಟು ಬೋಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಮೊದಲ ಕೈಯನ್ನು ತೆಳ್ಳಗೆ ಬಳಿದು ಅದರ ಮುಖವನ್ನೇ ನೋಡದೆ ಎದ್ದುಹೋಗಬೇಕು. ಅರ್ಧ ಗಂಟೆಯಲ್ಲಿ ಅದು ಮುಟ್ಟಿದರೆ ಅಂಟದಷ್ಟು ಆರಿರುತ್ತದೆ, ಆದರೆ ಒಳಗೆ ಇನ್ನೂ ಮೆತ್ತಗೆ ಇರುತ್ತದೆ. ನಾನು ಎರಡು ಗಂಟೆಗಿಂತ ಮೊದಲು ಎರಡನೆಯ ಕೈಗೆ ಹೋಗುವುದಿಲ್ಲ, ಮಳೆಗಾಲದಲ್ಲಿ ಮಾರನೆಯ ದಿನದವರೆಗೂ ಬಿಡುತ್ತೇನೆ.

ಬ್ರಶ್ಶಿಗಿಂತ ಸ್ಪಂಜಿನ ತುಂಡು ಒಳ್ಳೆಯದೆಂದು ಕಂಡುಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಪಾತ್ರೆ ಉಜ್ಜುವ ಹೊಸ ಸ್ಪಂಜನ್ನು ಹೆಬ್ಬೆರಳಿನಗಲಕ್ಕೆ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ಹೆಚ್ಚಿನದನ್ನು ಕಾಗದಕ್ಕೆ ಒತ್ತಿ ತೆಗೆದು, ಎಳೆಯದೆ ತಟ್ಟುತ್ತಾ ಹೋದರೆ ಗೆರೆಗಳು ಬರುವುದೇ ಇಲ್ಲ, ಮೈಯೆಲ್ಲ ಒಂದೇ ಹದದ ಸಣ್ಣ ಕಣಕಣವಾದ ಹೊದಿಕೆ ಬರುತ್ತದೆ. ಕೆಳಗೆ ಕಡುನೀಲಿ, ಮೇಲೆ ಬಿಳಿ, ನಡುವೆ ಒಂದರೊಳಗೊಂದು ಕರಗಿದಂತೆ ಕಾಣುವ ಬಣ್ಣದಿಳಿತ ಬೇಕಾದರೂ ಸ್ಪಂಜೇ ದಾರಿ: ಎರಡು ಬಣ್ಣಗಳು ಹಸಿಯಾಗಿರುವಾಗಲೇ ಅವು ಕೂಡುವ ಗಡಿಯ ಮೇಲೆ ಶುದ್ಧ ಸ್ಪಂಜಿನಿಂದ ತಟ್ಟಬೇಕು, ಗಡಿ ಮಾಯವಾದ ಕ್ಷಣ ನಿಲ್ಲಿಸಬೇಕು. ಮಣ್ಣಿನ ಮಡಕೆಯ ಒರಟುತನ ಬೇಕೆನ್ನುವವರು ಬಣ್ಣಕ್ಕೆ ಅಡುಗೆ ಸೋಡಾ ಬೆರೆಸಿ ಕೆನೆಯಷ್ಟು ಗಟ್ಟಿ ಮಾಡಿಕೊಂಡು ಬ್ರಶ್ಶನ್ನು ಅಡ್ಡಾದಿಡ್ಡಿ ಎಳೆಯಬಹುದು. ಕಲಸಿದ್ದು ಹೊತ್ತು ಹೋದಂತೆ ಬಿಗಿಯುವುದರಿಂದ ಬೇಕಾದಷ್ಟನ್ನೇ ಕಲಸಬೇಕು. ಇದರ ಮೇಲೆ ಆರಿದ ಬಳಿಕ ಕಂದು ಬಣ್ಣದ ನೀರನ್ನು ಒರೆಸಿ ತೆಗೆದರೆ ಕುಳಿಗಳಲ್ಲಿ ಮಾತ್ರ ಕಂದು ಉಳಿದು, ದೂರದಿಂದ ನೋಡಿದವರು ಗಾಜೆಂದು ನಂಬುವುದಿಲ್ಲ.

ವಿನ್ಯಾಸಕ್ಕೆ ಚಿತ್ರಕಲೆ ಬರಬೇಕೆಂದೇನೂ ಇಲ್ಲ, ನನಗೆ ಬರುವುದಿಲ್ಲ. ಪೆನ್ಸಿಲ್ಲಿನ ಹಿಂದಿರುವ ರಬ್ಬರನ್ನು ಬಣ್ಣಕ್ಕೆ ಒತ್ತಿ ಜಾಡಿಗೆ ಒತ್ತಿದರೆ ಗುಂಡಗಿನ ಚುಕ್ಕೆ ಬರುತ್ತದೆ, ಕಿವಿ ಕಡ್ಡಿಯಿಂದ ಅದಕ್ಕಿಂತ ಚಿಕ್ಕದು, ಟೂತ್‌ಪಿಕ್ಕಿನ ಮೊನೆಯಿಂದ ಸಾಸಿವೆಯಷ್ಟು. ಮೂರು ಗಾತ್ರದ ಚುಕ್ಕೆಗಳಿಂದ ಏನೆಲ್ಲ ಮಾಡಬಹುದೋ ಅದು ಒಂದು ಜಾಡಿಗೆ ಬೇಕಾದದ್ದಕ್ಕಿಂತ ಹೆಚ್ಚೇ. ಪಟ್ಟೆಗಳಿಗೆ ಮಾಸ್ಕಿಂಗ್ ಟೇಪ್ ಬಳಸುವವರು ದುಂಡಗಿನ ಮೈಯ ಮೇಲೆ ಅಗಲದ ಟೇಪು ಸುಕ್ಕುಗಟ್ಟಿ ಸುಕ್ಕಿನಡಿಯಲ್ಲಿ ಬಣ್ಣ ನುಗ್ಗುವುದನ್ನು ಕಂಡಿರುತ್ತಾರೆ. ಅದಕ್ಕಿಂತ ರಬ್ಬರ್ ಬ್ಯಾಂಡುಗಳನ್ನು ತೊಡಿಸಿ ಬಣ್ಣ ತಟ್ಟಿದರೆ ಬಳೆ ತೊಟ್ಟಂಥ ನೇರ ಉಂಗುರಗಳು ಉಳಿಯುತ್ತವೆ. ಟೇಪೇ ಬೇಕೆಂದರೆ ಅಂಚನ್ನು ಉಗುರಿನಿಂದ ಬಿಗಿಯಾಗಿ ಒತ್ತಿ, ಮೊದಲು ಅಂಚಿನುದ್ದಕ್ಕೂ ಕೆಳಗಿನ ಬಣ್ಣವನ್ನೇ ಒಂದು ಸಲ ಬಳಿದುಬಿಡಿ. ಸೋರುವುದಿದ್ದರೆ ಅದೇ ಸೋರಿ ಸಂದನ್ನು ಮುಚ್ಚುತ್ತದೆ, ಮೇಲೆ ಬಳಿಯುವ ಹೊಸ ಬಣ್ಣ ಒಳನುಗ್ಗಲು ಜಾಗವಿರುವುದಿಲ್ಲ. ಕೊನೆಯ ಕೈ ಇನ್ನೂ ತುಸು ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ಪೂರ್ತಿ ಆರುವವರೆಗೆ ಕಾದರೆ ಆ ಪ್ಲಾಸ್ಟಿಕ್ ಅಂಗಿ ಟೇಪಿನ ಜೊತೆಗೇ ಹರಿದು ಬರುತ್ತದೆ. ಈ ಇಡೀ ಕೆಲಸದಲ್ಲಿ ಕಾಯಬಾರದ ಜಾಗ ಇದೊಂದೇ.

ಕೆಲವು ಜಾಡಿಗಳ ಮೈಮೇಲೆ ಉಬ್ಬಿದ ಅಕ್ಷರಗಳು ಇರುತ್ತವೆ. ತಿರುಪಿನ ಮುಚ್ಚಳ ಕೂರುವಂತೆ ಜಾಡಿಯ ಕತ್ತಿಗೆ ತಿರುಪಿನ ಎಳೆ ಮಾಡುವ ಬಗೆಗೆ ಜಾನ್ ಲ್ಯಾಂಡಿಸ್ ಮೇಸನ್ ಎಂಬಾತ ಅಮೆರಿಕದಲ್ಲಿ 1858ರ ನವೆಂಬರ್ 30ರಂದು ಪೇಟೆಂಟ್ ಪಡೆದ. ಆ ದಿನಾಂಕವನ್ನೇ ಗಾಜಿನಲ್ಲಿ ಉಬ್ಬಿಸಿದ ಜಾಡಿಗಳು ಅನಂತರ ಹಲವು ದಶಕಗಳ ಕಾಲ ತಯಾರಾದವು. ಇಂದು ಬಣ್ಣ ಬಳಿದು ಅಲಂಕಾರಕ್ಕಿಡುವ ಜಾಡಿಗಳ ಪೈಕಿ ಮೇಸನ್ ಜಾಡಿಗಳೇ ಹೆಚ್ಚು ಹೆಸರಾದದ್ದಕ್ಕೆ ಆ ಅಕ್ಷರಗಳೂ ಒಂದು ಕಾರಣವಿರಬೇಕು. ಅಂಥ ಜಾಡಿಗೆ ಎರಡು ಕೈ ಬಣ್ಣ ಬಳಿದು ಚೆನ್ನಾಗಿ ಒಣಗಿಸಿ, ನುಣುಪಾದ ಉಪ್ಪುಕಾಗದವನ್ನು ಉಬ್ಬಿನ ಮೇಲೆ ಮಾತ್ರ ಹಗುರವಾಗಿ ಆಡಿಸಿದರೆ ಅಕ್ಷರದ ನೆತ್ತಿಯ ಬಣ್ಣ ಸವೆದು ಗಾಜು ಹೊಳೆಯುತ್ತದೆ. ಉಬ್ಬು ಅಕ್ಷರ ಯಾವ ಜಾಡಿಯಲ್ಲಿದ್ದರೂ ಈ ಉಪಾಯ ನಡೆಯುತ್ತದೆ. ಆದರೆ ಅಂಚುಗಳನ್ನೆಲ್ಲ ಸವೆಸಿ ಹಳೆಯದರಂತೆ ಮಾಡುವ ಚಪಲ ಕೈಗೆ ಹತ್ತಿದರೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ; ನನ್ನದೊಂದು ಜಾಡಿ ಹಳೆಯದರಂತೆ ಕಾಣುವ ಬದಲು ಕಾಯಿಲೆ ಬಿದ್ದದ್ದರಂತೆ ಕಾಣುತ್ತದೆ.

ಒಳಗಿನಿಂದ ಬಣ್ಣ ಹಚ್ಚುವುದು ಬೇರೆಯೇ ಒಂದು ಸಂತೋಷ. ಜಾಡಿಯ ಒಳಗೆ ತುಸು ತೆಳುಮಾಡಿದ ಬಣ್ಣ ಸುರಿದು, ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಹೊರಳಿಸುತ್ತಾ ಹೋದರೆ ಬಣ್ಣ ತಾನೇ ದಾರಿ ಹುಡುಕಿಕೊಂಡು ಮೈ ತುಂಬುತ್ತದೆ. ಪೂರ್ತಿ ತುಂಬಿದ ಮೇಲೆ ಹಳೆಯ ಕಾಗದದ ಮೇಲೆ ಎರಡು ಕಡ್ಡಿ ಅಡ್ಡ ಇಟ್ಟು ಜಾಡಿಯನ್ನು ಬೋರಲು ಹಾಕಬೇಕು, ಕಡ್ಡಿಗಳಿಲ್ಲದಿದ್ದರೆ ಸೋರಿದ ಬಣ್ಣ ಬಾಯಿಯ ಸುತ್ತ ಕಟ್ಟಿಕೊಂಡು ಕಾಗದಕ್ಕೆ ಅಂಟುತ್ತದೆ. ಸೋರಿದ ಬಣ್ಣವನ್ನು ಮತ್ತೆ ಡಬ್ಬಿಗೆ ತುಂಬಿಕೊಳ್ಳಬಹುದು. ಒಳಗೆ ಗಾಳಿಯಾಡದ ಕಾರಣ ಇದು ಒಣಗಲು ಎರಡು ಮೂರು ದಿನವಾದರೂ ಬೇಕು. ಫಲವಾಗಿ ಸಿಗುವುದು ಯಾವ ವಾರ್ನಿಶ್ಶೂ ಕೊಡದ ಹೊಳಪು, ಏಕೆಂದರೆ ಇಲ್ಲಿ ಗಾಜೇ ವಾರ್ನಿಶ್. ಬಿಳಿ ಬಣ್ಣ ಹಾಕಿದಾಗ ತಳದ ದಪ್ಪ ಗಾಜಿನ ಬಳಿ ಅದು ತುಸು ಹಸಿರಾಗಿ ಕಾಣುತ್ತದೆ. ಗಾಜಿನಲ್ಲಿರುವ ಕಬ್ಬಿಣದ ಅಂಶದ ಹಸಿರು ಅದು, ಬಣ್ಣದ ತಪ್ಪಲ್ಲ. ಒಳಗಿನಿಂದ ಚಿತ್ರ ಬರೆಯುವುದಾದರೆ ಕ್ರಮ ತಲೆಕೆಳಗಾಗುತ್ತದೆ ಎಂಬುದು ನೆನಪಿರಲಿ. ಹೊರಗೆ ಕೊನೆಯಲ್ಲಿ ಇಡುವ ಚುಕ್ಕೆಯನ್ನು ಇಲ್ಲಿ ಮೊದಲು ಇಡಬೇಕು, ಹಿನ್ನೆಲೆಯ ಬಣ್ಣ ಕೊನೆಗೆ ಬರಬೇಕು.

ಹೀಗೆ ಒಳಗೆ ಬಿಳಿ ತುಂಬಿದ ಜಾಡಿಯೊಂದನ್ನು ನಾನು ಹೆಮ್ಮೆಯಿಂದ ಹೂದಾನಿ ಮಾಡಿ ನೀರು ತುಂಬಿ ಹೂ ಇಟ್ಟಿದ್ದೆ. ಮೂರನೆಯ ದಿನ ನೀರು ಮಜ್ಜಿಗೆಯಂತಾಗಿತ್ತು, ಹೂವಿನ ದಂಟುಗಳ ಸುತ್ತ ಬಣ್ಣದ ಹಕ್ಕಳೆಗಳು ಸುತ್ತಿಕೊಂಡಿದ್ದವು. ನೀರು ನಿಲ್ಲುವ ಕಡೆ ಅಕ್ರಿಲಿಕ್ ನಿಲ್ಲುವುದಿಲ್ಲ. ಒಳಗೆ ಬಣ್ಣ ಹಾಕಿದ್ದಕ್ಕೆ ಒಣಹೂವೇ ಸರಿ. ಹಸಿ ಹೂವು ಬೇಕಾದರೆ ಒಳಗೆ ಚಿಕ್ಕದೊಂದು ಲೋಟ ಇಳಿಸಿ ಅದರಲ್ಲಿ ನೀರು ಹಾಕಬೇಕು.

ಬೆಳಕು ಹಾಯಬೇಕಾದ ಜಾಡಿಗೆ ಈ ಬಣ್ಣಗಳು ಒಗ್ಗುವುದಿಲ್ಲ. ಮಕ್ಕಳ ಕರಕುಶಲ ಕೆಲಸಕ್ಕೆ ಬಳಸುವ ಬಿಳಿ ಅಂಟಿಗೆ ತುಸು ನೀರು ಮತ್ತು ಆಹಾರಕ್ಕೆ ಹಾಕುವ ಬಣ್ಣದ ಕೆಲವು ಹನಿ ಬೆರೆಸಿ ಒಳಗೆ ಹೊರಳಿಸಿದರೆ, ಹಸಿಯಾಗಿದ್ದಾಗ ಹಾಲಿನಂತಿದ್ದ ಅಂಟು ಒಣಗಿದಂತೆ ತಿಳಿಯಾಗಿ, ಬಣ್ಣದ ಗಾಜೇ ಎಂಬಂತೆ ಕಾಣುತ್ತದೆ. ಇದಕ್ಕೆ ನೀರು ತಾಗಿದರೆ ಕರಗುತ್ತದೆ, ಬಿಸಿಲಿನಲ್ಲಿಟ್ಟರೆ ಬಣ್ಣ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಒಳಗೆ ದೀಪ ಇಡುವುದಾದರೆ ಬ್ಯಾಟರಿಯ ಸಣ್ಣ ಎಲ್‌ಇಡಿ ದೀಪಗಳನ್ನೇ ಇಡಬೇಕು. ಮೇಣದ ಬತ್ತಿಯ ಶಾಖಕ್ಕೆ ಒಳಗಿನ ಅಂಟಿನ ಪದರ ತಾಳುವುದಿಲ್ಲ, ಗಾಜೂ ಬಿರುಕು ಬಿಡಬಹುದು.

ಗಾಜು ಬಿರುಕು ಬಿಡುವ ಮಾತು ಓವನ್ನಿನ ವಿಷಯಕ್ಕೂ ಸೇರಿದ್ದು. ಗಾಜಿಗೆಂದೇ ತಯಾರಾದ ಅಕ್ರಿಲಿಕ್ ಎನಾಮೆಲ್ ಬಣ್ಣಗಳನ್ನು ಬಿಸಿಯಲ್ಲಿ ಬಲಿಸಬಹುದು, ಅಥವಾ ಹಾಗೆಯೇ ಬಿಟ್ಟರೆ ಸಾಮಾನ್ಯವಾಗಿ 21 ದಿನಗಳಲ್ಲಿ ಅವು ತಾವಾಗಿ ಬಲಿಯುತ್ತವೆ. ಬಿಸಿಯಲ್ಲಿ ಬಲಿಸುವುದಾದರೆ ಒಣಗಿದ ಜಾಡಿಯನ್ನು ತಣ್ಣಗಿರುವ ಓವನ್ನಿನಲ್ಲಿ ಇಟ್ಟು ಆಮೇಲೆ ಬಿಸಿ ಏರಿಸಿ, ಸುಮಾರು 175 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ ಇಟ್ಟು, ಓವನ್ ಆರಿಸಿ, ಬಾಗಿಲು ತೆರೆಯದೆ ಅದರೊಳಗೇ ತಣಿಯಲು ಬಿಡಬೇಕು. ಬಣ್ಣದ ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಬೇಕು. ಜಾಡಿಯ ಸಾಮಾನ್ಯ ಗಾಜು ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿಗಿಂತ ಶಾಖಕ್ಕೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಹಿಗ್ಗುತ್ತದೆ. ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಹಿಗ್ಗದೆ ನಿಂತಾಗ ನಡುವೆ ಸೀಳುತ್ತದೆ. ನಾನು ಒಮ್ಮೆ ಬಿಸಿ ಜಾಡಿಯನ್ನು ಹೊರತೆಗೆದು ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಟಿಕ್ ಎಂಬ ಸಣ್ಣ ಸದ್ದು ಮಾತ್ರ ಕೇಳಿಸಿತು. ಮಾರನೆಯ ದಿನ ಎತ್ತಿದಾಗ ಜಾಡಿ ಕೈಗೆ ಬಂದಿತು, ತಳ ಕಟ್ಟೆಯ ಮೇಲೆಯೇ ಉಳಿಯಿತು. ಅಲಂಕಾರಕ್ಕಿಡುವ ಜಾಡಿಗೆ ಓವನ್ನಿನ ಉಸಾಬರಿಯೇ ಬೇಡವೆಂದು ಅಂದಿನಿಂದ ನಾನು 21 ದಿನಗಳ ಪಕ್ಷಕ್ಕೆ ಸೇರಿದ್ದೇನೆ.

ವಾರ್ನಿಶ್ ಬೇಕೇ ಎಂದರೆ, ಕೈ ಹೆಚ್ಚು ತಾಗುವ ಪೆನ್ನಿನ ಜಾಡಿ, ಬ್ರಶ್ಶಿನ ಜಾಡಿಗಳಿಗೆ ಬೇಕು, ಕಪಾಟಿನ ಮೇಲೆ ಸುಮ್ಮನೆ ಕೂರುವವಕ್ಕೆ ಅಷ್ಟು ಅಗತ್ಯವಿಲ್ಲ. ನೀರಿನಿಂದ ತೆಳುಮಾಡಬಹುದಾದ ಬಗೆಯದನ್ನು ಬ್ರಶ್ಶಿನಿಂದ ಎರಡು ತೆಳು ಕೈ ಬಳಿದರೆ ಸಾಕು. ಸ್ಪ್ರೇ ಡಬ್ಬಿಯಾದರೆ ಬಯಲಿನಲ್ಲಿ, 20ರಿಂದ 30 ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ ಆಡಿಸುತ್ತಾ ಸಿಂಪಡಿಸಬೇಕು. ಒಂದೇ ಕಡೆ ನಿಂತ ಕೈ ಕಣ್ಣೀರಿನಂತೆ ಇಳಿದ ಗೆರೆಯಾಗಿ ಶಾಶ್ವತವಾಗಿ ಉಳಿಯುತ್ತದೆ. ಮುಚ್ಚಳ ಲೋಹದ್ದಾಗಿದ್ದರೆ ತುಕ್ಕು ಕೆರೆದು, ಒರೆಸಿ, ಅದೇ ಬಣ್ಣ ಬಳಿಯಬಹುದು. ಆದರೆ ತಿರುಪಿನ ಎಳೆಗಳ ಮೇಲೆ ಬಣ್ಣ ಬೀಳದಂತೆ ನೋಡಿಕೊಳ್ಳಬೇಕು, ಬಿದ್ದರೆ ಮುಚ್ಚಳ ಅಂಟಿಕೊಳ್ಳುತ್ತದೆ ಅಥವಾ ಮೊದಲ ತಿರುವಿಗೇ ಬಣ್ಣವನ್ನು ಕಿತ್ತುಕೊಂಡು ಬರುತ್ತದೆ. ತಿನ್ನುವ, ಕುಡಿಯುವ ವಸ್ತುಗಳನ್ನು ಇಂಥ ಜಾಡಿಗಳಲ್ಲಿ ಇಡುವ ಯೋಚನೆ ಬೇಡ. ಒಳಗೆ ಬಣ್ಣವಿದ್ದರಂತೂ ಖಂಡಿತ ಕೂಡದು, ಹೊರಗೆ ಮಾತ್ರ ಇದ್ದು ಬಳಸಲೇಬೇಕೆಂದರೂ ತುಟಿ ತಾಗುವ ಅಂಚಿನಿಂದ ಕನಿಷ್ಠ ಎರಡು ಸೆಂಟಿಮೀಟರ್ ಕೆಳಗೇ ಬಣ್ಣ ನಿಲ್ಲಬೇಕು.

ಜೋಡಿಸುವಾಗ ಒಂದನ್ನು ಮಾತ್ರ ಹೇಳುತ್ತೇನೆ: ಬೇರೆ ಬೇರೆ ಎತ್ತರದ ಮೂರು ಜಾಡಿಗಳಿಗೆ ಒಂದೇ ಬಣ್ಣದ ಮೂರು ಛಾಯೆ ಕೊಟ್ಟು ಹತ್ತಿರ ಹತ್ತಿರ ಇಟ್ಟಾಗ ಅವು ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ, ಮೂರು ಬಣ್ಣದ ಮೂರು ವಿನ್ಯಾಸ ಮಾಡಿಟ್ಟಾಗ ಬಸ್ಸಿಗೆ ಕಾಯುತ್ತಿರುವ ಅಪರಿಚಿತರಂತೆ.

ಮೆಚ್ಚುಗೆಯಾಗದ ಜಾಡಿಯನ್ನು ಏನು ಮಾಡುವುದು ಎಂಬುದಕ್ಕೆ ಉತ್ತರ ಗಾಜಿನ ಅದೇ ಸ್ವಭಾವದಲ್ಲಿದೆ. ಬಣ್ಣವನ್ನು ಕುಡಿಯದ ಗಾಜು ಬಣ್ಣದ ಕಲೆಯನ್ನೂ ಇಟ್ಟುಕೊಳ್ಳುವುದಿಲ್ಲ. ಬಿಸಿನೀರಿನಲ್ಲಿ ಒಂದೆರಡು ಗಂಟೆ ಮುಳುಗಿಸಿ, ಕೆಲಸಕ್ಕೆ ಬಾರದ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ತಳ್ಳಿದರೆ ವಾರ್ನಿಶ್ ಇಲ್ಲದ ಅಕ್ರಿಲಿಕ್ ಪಟ್ಟಿಪಟ್ಟಿಯಾಗಿ ಬಿಟ್ಟುಕೊಳ್ಳುತ್ತದೆ. ಆ ಪಟ್ಟಿಗಳನ್ನು ಸೋಸಿ ಕಸದ ಬುಟ್ಟಿಗೆ ಹಾಕಬೇಕು, ಬಚ್ಚಲಿಗೆ ಬಿಡಬಾರದು. ಒಂಬತ್ತೇ ದಿನ ಬಾಳಿದ ಆ ಮೊದಲ ಜಾಡಿಯ ಬಣ್ಣವನ್ನು ಹಾಗೆಯೇ ಪೂರ್ತಿ ತೆಗೆದು, ತೊಳೆದು, ನೀರಿನ ಪರದೆ ಹರಿಯದಂತೆ ಇಳಿಯುವುದನ್ನು ನೋಡಿ, ಒಳಗಿನಿಂದ ಬೆರಳು ಹಿಡಿದು ಎರಡು ಕೈ ಬೂದುನೀಲಿ ಬಳಿದು ಕಿಟಕಿಯ ಪಕ್ಕದಲ್ಲಿಟ್ಟಿದ್ದೇನೆ. ಇವತ್ತಿಗೆ ಹದಿನಾಲ್ಕನೆಯ ದಿನ. ಧೂಳು ಕುಳಿತಿದೆ, ಒರೆಸಲು ಇನ್ನೂ ಏಳು ದಿನ ಇದೆ.